ಲೂರ್ದಮ್ಮ ಹಾಡದ ಶುಕ್ರವಾರ

ನಾನು ಕಟ್ಟಿದ ಲೌಡ್‌ಸ್ಪೀಕರಿನ ಸದ್ದು ಒಮ್ಮೆ ಅರಬ್ಬೀ ಸಮುದ್ರದವರೆಗೆ ಕೇಳಿಸಿತ್ತು. ಅಲ್ಲಿ ಹೋಗುತ್ತಿದ್ದ ಹಡಗೊಂದು, ಯಾರೋ ತನ್ನನ್ನೇ ಕರೆದರು ಅಂದುಕೊಂಡು ದಡಕ್ಕೆ ತಿರುಗಿತ್ತು.

ಸುಳ್ಳು. ನಮ್ಮೂರಿಗೂ ಸಮುದ್ರಕ್ಕೂ ನಡುವೆ ಇಡೀ ಘಟ್ಟ ಇದೆ. ನನ್ನ ಸ್ಪೀಕರು ಪಕ್ಕದೂರಿನ ಕೆರೆ ಏರಿ ದಾಟಿದರೆ ಅದೇ ದೊಡ್ಡದು. ಬಾಯಿ ಬಿಟ್ಟ ಕೂಡಲೇ ಒಂದು ಸುಳ್ಳು ಹೊರಗೆ ಬಿದ್ದರೆ ನನಗೆ ಗಂಟಲು ಸರಾಗವಾಗುತ್ತದೆ, ಅಷ್ಟೆ. ಈಗ ಸರಾಗವಾಯಿತು. ಇನ್ನು ಕಥೆ ಕೇಳಿ. ಎಲ್ಲಿ ಉಪ್ಪು ಖಾರ ಹೆಚ್ಚು ಹಾಕಿದ್ದೇನೋ ಅಲ್ಲಲ್ಲೇ ಹೇಳಿಬಿಡುತ್ತೇನೆ.

ನಮ್ಮೂರು ರೇಷ್ಮೆ ಹುಳು ಸಾಕುವವರ ಊರು. ನೂರು ಮನೆ, ಒಂದು ಚರ್ಚು. ಆ ಚರ್ಚಿನಲ್ಲಿ ಲೂರ್ದಮ್ಮ ಅಂತ ಒಬ್ಬಳು ಹಾಡುತ್ತಿದ್ದಳು. ಎಲ್ಲರೂ ಹಾಡುವ ಹಾಡಲ್ಲ. ವರ್ಷಕ್ಕೆ ಒಂದೇ ದಿನ, ಒಂದೇ ಹಾಡು. ಯೇಸುಸ್ವಾಮಿ ಪ್ರಾಣ ಬಿಟ್ಟ ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ನಮ್ಮ ಚರ್ಚಿನಲ್ಲಿ ಸ್ವಾಮಿ ಪಟ್ಟ ಪಾಡುಗಳ ಕಥೆ ಓದುತ್ತಾರೆ. "ತಲೆ ಬಾಗಿಸಿ ಪ್ರಾಣಬಿಟ್ಟರು" ಅನ್ನುವಲ್ಲಿಗೆ ಜನರೆಲ್ಲ ಮೊಣಕಾಲೂರುತ್ತಾರೆ. ಆಗ ಲೂರ್ದಮ್ಮ ಒಬ್ಬಳೇ ಎದ್ದು ಶಿಲುಬೆಯ ಕೆಳಗೆ ಹೋಗಿ ನಿಲ್ಲುತ್ತಿದ್ದಳು. ಸತ್ತ ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಮಾತೆ ಮರಿಯಮ್ಮ ಅಳುವ ಹಾಡು:

ತೊಟ್ಟಿಲಲಿ ಹಗುರಿದ್ದೆ ತೊಡೆಮ್ಯಾಲೆ ಹಗುರಿದ್ದೆ
ಕಟ್ಟಿಗೆಯ ಭಾರ ನನಕಂದ, ಶಿಲುಬೆಯ
ಬಿಟ್ಟಿಳಿದ ಮೇಲೂ ಇಳಿಲಿಲ್ಲ

ಇದನ್ನು ಕೇಳುವುದಕ್ಕೆ ಸುತ್ತಲ ಊರಿನಿಂದ ಟೆಂಪೋ ಮಾಡಿಕೊಂಡು ಬರುತ್ತಿದ್ದರು. ಎರಡು ಸಾವಿರ ಜನ. ಸರಿ, ಐನೂರು. ಕೇಳಿದವರ ಕಣ್ಣಲ್ಲಿ ನೀರು. ಪೂಜೆ ಮುಗಿದ ಮೇಲೆ ಲೂರ್ದಮ್ಮ ಚರ್ಚಿನ ಬಾಗಿಲ ಹತ್ತಿರ ಸೆರಗು ಸರಿ ಮಾಡಿಕೊಳ್ಳುತ್ತಾ ನಿಲ್ಲುತ್ತಿದ್ದಳು. ಆ ಸೆರಗು ಸರಿಯಾಗುವುದಕ್ಕೆ ಅರ್ಧ ಗಂಟೆ ಬೇಕಾಗುತ್ತಿತ್ತು. ಅಷ್ಟು ಹೊತ್ತೂ ಜನ ಬಂದು, "ಏನು ದನಿ ಕಣಮ್ಮ! ಕಲ್ಲೂ ಕರಗ್ತದೆ" ಅನ್ನುತ್ತಿದ್ದರು. ನಾನೂ ವೈರು ಸುತ್ತುವ ನೆಪ ಮಾಡಿಕೊಂಡು ಅಲ್ಲೇ ನಿಲ್ಲುತ್ತಿದ್ದೆ. ಮೈಕು ಚೆನ್ನಾಗಿತ್ತು ಅಂತ ಒಬ್ಬನಾದರೂ ಅಂದದ್ದಿಲ್ಲ.

ಹೀಗೆ ಮೂವತ್ತು ವರ್ಷ ನಡೆಯಿತು.

ಆಮೇಲೆ ಲೂರ್ದಮ್ಮನ ಗಂಟಲಲ್ಲಿ ಗಂಟು ಬಂತು. ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಉಳಿದದ್ದು ಬರೀ ಉಸಿರಿನ ಸದ್ದು. ಹುಳುಮನೆಯಲ್ಲಿ ಹುಳುಗಳು ಸೊಪ್ಪು ತಿನ್ನುವಾಗ ಸರಸರ ಅನ್ನುತ್ತದಲ್ಲ, ಅಷ್ಟೇ. ಕಿವಿ ತಂದು ಹತ್ತಿರ ಇಟ್ಟರೆ ಮಾತು ಅಂತ ಗೊತ್ತಾಗುತ್ತಿತ್ತು.

ಮೊದಲ ವರ್ಷ ಅವಳು ಶುಕ್ರವಾರ ಚರ್ಚಿಗೇ ಬರಲಿಲ್ಲ. ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದಳು. ಮೂರು ಗಂಟೆಗೆ ಅವಳ ತುಟಿ ತಾನಾಗಿಯೇ ಅಲ್ಲಾಡುತ್ತಿತ್ತಂತೆ. ಅವಳ ಗಂಡ ಇನ್ನಾಸಪ್ಪ ನನ್ನ ಹತ್ತಿರ ಹೇಳಿಕೊಂಡ:

"ಬೆಳಿಗ್ಗೆ ಎದ್ದ ಕೂಡ್ಲೇ ಗೋಡೆ ಕಡೆ ತಿರುಗಿ ಬಾಯಿ ತೆರೀತಾಳೆ ಕಣಯ್ಯ. ದನಿ ಬಂತೇನೋ ಅಂತ ನೋಡ್ತಾಳೆ. ಬರಲ್ಲ. ಆಮೇಲೆ ಎದ್ದು ಒಲೆ ಹಚ್ತಾಳೆ. ದಿನಾ ಇದೇ."

ಅವಳ ಪ್ರಾರ್ಥನೆಯೂ ಜಗಳದ ಹಾಗೆ ಇರುತ್ತಿತ್ತು. "ಇನ್ನೊಂದೇ ಒಂದು ಸಲ ಹಾಡ್ಸು ಸ್ವಾಮಿ. ಆಮೇಲೆ ಬೇಕಾದ್ರೆ ನಾಲಿಗೇನೂ ತಗೋ. ಒಂದು ಸಲ." ಬೇರೆ ಏನೂ ಅವಳು ಕೇಳಲಿಲ್ಲ.

ಎರಡನೇ ವರ್ಷ ನಮ್ಮ ಫಾದರ್ ಚೌರಪ್ಪನವರಿಗೆ ಒಂದು ಉಪಾಯ ಹೊಳೆಯಿತು. ಆ ಶುಕ್ರವಾರಕ್ಕೆ ಐದು ದಿನ ಮೊದಲು, ಗರಿಗಳ ಭಾನುವಾರ ಸಂಜೆ ಅವಳನ್ನೂ ನನ್ನನ್ನೂ ಚರ್ಚಿಗೆ ಕರೆಸಿದರು.

"ಲೂರ್ದಮ್ಮ, ದನಿ ಇಲ್ಲದಿದ್ರೆ ಹೋಗ್ಲಿ. ಉಸಿರು ಇದೆಯಲ್ಲಮ್ಮ. ಮೈಕನ್ನ ತುಟಿಗೇ ತಾಗಿಸಿ ಹಿಡಿಯೋಣ. ಇವನು ಸ್ಪೀಕರು ಏರಿಸ್ತಾನೆ."

ನಾನು ನನ್ನ ವೈರಿಲ್ಲದ ಮೈಕು ಅವಳ ತುಟಿಗೆ ಹಿಡಿದೆ. ಅವಳು ಒಂದು ಸಾಲು ಉಸುರಿದಳು. ಚರ್ಚಿನ ನಾಲ್ಕು ಮೂಲೆಯಿಂದ ಆ ಉಸಿರು ತಿರುಗಿ ಬಂತು. ಒಡೆದಿತ್ತು, ನಡುಗುತ್ತಿತ್ತು, ಆದರೆ ಹಾಡು ಅಂತ ಗೊತ್ತಾಗುತ್ತಿತ್ತು. ಲೂರ್ದಮ್ಮ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಎರಡು ವರ್ಷದ ಮೇಲೆ ತನ್ನ ಹಾಡು ತನಗೇ ಕೇಳಿಸಿತ್ತು. ಫಾದರ್ ಆ ಕಡೆ ತಿರುಗಿ ಕನ್ನಡಕ ಒರೆಸಿಕೊಂಡರು. ನಾನು ಅಳಲಿಲ್ಲ. ಇದೂ ಸುಳ್ಳು.

ಆ ವಾರವೆಲ್ಲ ಅವಳಿಗೆ ಜೇನು, ಬಿಸಿನೀರು, ಮೌನ. ಕೈಸನ್ನೆಯಲ್ಲೇ ಸಂಸಾರ. ಊರಿಗೆಲ್ಲ ಸುದ್ದಿ ಹಬ್ಬಿತು. ಸುತ್ತಲ ಊರವರು ಮತ್ತೆ ಟೆಂಪೋ ಗೊತ್ತು ಮಾಡಿಕೊಂಡರು.

ಈಗ ನಮ್ಮೂರ ಒಂದು ಪದ್ಧತಿ ಹೇಳಬೇಕು. ಆ ಶುಕ್ರವಾರದ ಹಿಂದಿನ ಗುರುವಾರ ಸಂಜೆಯಿಂದ ಈಸ್ಟರ್ ಹಬ್ಬದವರೆಗೆ ಚರ್ಚಿನ ಗಂಟೆ ಬಾರಿಸುವುದಿಲ್ಲ. ಸ್ವಾಮಿ ಸತ್ತಿರುವಾಗ ಕಂಚು ಹಾಡಬಾರದು ಅಂತ. ಅದರ ಬದಲು ಒಂದು ಮರದ ಗಂಟೆ ಇದೆ. ಗಂಟೆ ಅನ್ನುವುದು ಹೆಸರಿಗೆ; ಒಂದು ಹಲಗೆ, ಅದಕ್ಕೊಂದು ಮರದ ಸುತ್ತಿಗೆ. ಅಲುಗಿಸಿದರೆ ಟಕ್ ಟಕ್ ಟಕ್. ಶುಕ್ರವಾರ ಮಧ್ಯಾಹ್ನ ಒಬ್ಬರು ಅದನ್ನು ಹಿಡಿದು ಬೀದಿ ಬೀದಿ ಹೋಗಿ ಜನರನ್ನು ಕರೆಯಬೇಕು. ಕರೆಯುವವರು ಬಾಯಿ ತೆರೆಯುವ ಹಾಗಿಲ್ಲ. ಪ್ರತಿ ಬಾಗಿಲಿಗೂ ಮೂರು ಸಲ ಟಕ್. ಒಳಗಿನಿಂದ ಯಾರಾದರೂ ಬಾಗಿಲು ತೆರೆದು "ಬರ್ತೀವಿ" ಅನ್ನಬೇಕು. ಆಮೇಲೇ ಮುಂದಿನ ಮನೆ.

ಇದು ಚರ್ಚಿನ ಕೆಲಸ ಮಾಡುವ ಹತ್ತು ಮನೆಗಳ ಸರದಿ. ಲೂರ್ದಮ್ಮನ ಮನೆಗೆ ಸರದಿ ಬಂದಾಗಲೆಲ್ಲ ಬೇರೆ ಯಾರೋ ಹೊರುತ್ತಿದ್ದರು. ಹಾಡುವ ಗಂಟಲಿಗೆ ಬೀದಿಯ ಧೂಳು ಬೇಡ ಅಂತ ಊರೇ ಅವಳನ್ನು ಜೋಪಾನ ಮಾಡುತ್ತಿತ್ತು. ಈ ವರ್ಷ ಸರದಿ ಮತ್ತೆ ಬಂತು. ಇನ್ನಾಸಪ್ಪ ತಾನು ಹೋಗುತ್ತೇನೆ ಅಂದ. ಆದರೆ ಲೂರ್ದಮ್ಮನ ಮನಸ್ಸಿನಲ್ಲಿ ಏನೋ ಹರಕೆ. ಕೇಳಿದ್ದನ್ನು ಸ್ವಾಮಿ ಕೊಡುತ್ತಿದ್ದಾರೆ, ನಾನೂ ಒಂದು ಕೆಲಸ ಮಾಡುತ್ತೇನೆ ಅಂತ. ಮರದ ಗಂಟೆ ತಾನೇ ಹಿಡಿದಳು.

ಒಂದು ಗಂಟೆಗೆ ಹೊರಟಳು. ಒಂದೊಂದು ಬಾಗಿಲೂ ತೆರೆದು, "ಬರ್ತೀವಿ ಲೂರ್ದಕ್ಕ, ನಿನ್ನ ಹಾಡಿಗೋಸ್ಕರನೇ ಬರ್ತೀವಿ" ಅಂದಿತು. ಎರಡೂವರೆಗೆ ಎಲ್ಲ ಮನೆ ಮುಗಿದವು. ಒಂದು ಉಳಿಯಿತು. ಚರ್ಚಿನ ಹಿಂದಿನ ಬೀದಿಯ ಕೊನೆಯ ಮನೆ. ರೀತಮ್ಮನ ಮನೆ.

ರೀತಮ್ಮನ ಒಬ್ಬನೇ ಮಗ, ಇಪ್ಪತ್ತು ವರ್ಷದವನು, ಎಂಟು ತಿಂಗಳ ಹಿಂದೆ ಹಿಪ್ಪುನೇರಳೆ ತೋಟದಲ್ಲಿ ಹಾವು ಕಚ್ಚಿ ಸತ್ತಿದ್ದ. ಅವತ್ತಿನಿಂದ ರೀತಮ್ಮ ಚರ್ಚಿಗೆ ಬಂದಿರಲಿಲ್ಲ. ಹುಳುಮನೆಗೆ ಬೀಗ. ಮಾತಾಡಿಸಲು ಹೋದವರ ಮುಖಕ್ಕೇ ಬಾಗಿಲು. ಮರದ ಗಂಟೆ ಹಿಡಿದ ಬೇರೆ ಯಾರೇ ಆಗಿದ್ದರೂ ಆ ಮನೆ ಬಿಟ್ಟು ತಿರುಗಿಬಿಡುತ್ತಿದ್ದರು. ನಾನಂತೂ ಎರಡು ಮನೆ ಮೊದಲೇ ತಿರುಗುತ್ತಿದ್ದೆ.

ಇಲ್ಲಿಂದ ಸ್ವಲ್ಪ ದೂರ ನಾನು ಕಣ್ಣಾರೆ ನೋಡಿದ್ದಲ್ಲ. ಲೂರ್ದಮ್ಮ ಆಮೇಲೆ ಪಿಸುಗುಟ್ಟಿದ್ದು. ಕೇಳಿಸದೆ ಹೋದದ್ದನ್ನು ನಾನು ತುಂಬಿಸಿದ್ದೇನೆ.

ಲೂರ್ದಮ್ಮ ಮೂರು ಸಲ ಟಕ್ ಅನ್ನಿಸಿದಳು. ಬಾಗಿಲು ತೆರೆಯಲಿಲ್ಲ. ಮತ್ತೆ ಮೂರು. ಇಲ್ಲ. ಹೊತ್ತಾಗುತ್ತಿತ್ತು. ಆದರೆ ಪದ್ಧತಿಯನ್ನು ಅರ್ಧಕ್ಕೆ ಬಿಟ್ಟರೆ ಸ್ವಾಮಿ ಹಾಡನ್ನೂ ಅರ್ಧಕ್ಕೆ ನಿಲ್ಲಿಸಿಬಿಟ್ಟರೆ ಅನ್ನುವ ಹೆದರಿಕೆ ಅವಳಿಗೆ. ಮತ್ತೆ ಮೂರು. ಧಡಾರಂತ ಬಾಗಿಲು ತೆರೆಯಿತು.

"ಏನು? ನೀನೂ ಬಂದ್ಯಾ? ಹೇಳು, ನೀನೂ ಹೇಳು!" ರೀತಮ್ಮ ಕೂಗಿದಳು. "ದೇವರ ಚಿತ್ತ ಅಂದ್ರು. ಒಳ್ಳೇವ್ರನ್ನ ಬೇಗ ಕರ್ಕೋತಾನೆ ಅಂದ್ರು. ಕಾಲ ಹೋದ್ರೆ ಸರಿಯಾಗ್ತದೆ ಅಂದ್ರು. ನಿಂದೇನು? ಹೇಳ್ಬಿಟ್ಟು ಹೋಗು!"

ಲೂರ್ದಮ್ಮ ಮರದ ಗಂಟೆ ಕೆಳಗಿಟ್ಟಳು. ಗಂಟಲ ಮೇಲಿನ ಆಪರೇಷನ್ ಗಾಯ ತೋರಿಸಿ ತಲೆ ಅಲ್ಲಾಡಿಸಿದಳು.

ರೀತಮ್ಮ ಆ ಗಾಯವನ್ನೇ ನೋಡಿದಳು. ಎಂಟು ತಿಂಗಳಲ್ಲಿ ಆ ಹೊಸ್ತಿಲಿಗೆ ಹೇಳುವ ಮಾತಿಲ್ಲದೆ ಬಂದವಳು ಇವಳೊಬ್ಬಳೇ. ರೀತಮ್ಮ ಬಾಗಿಲು ಮುಚ್ಚಲಿಲ್ಲ. ಹಾಗೇ ಹೊಸ್ತಿಲ ಮೇಲೆ ಕುಸಿದು ಕೂತಳು. ಲೂರ್ದಮ್ಮನೂ ಪಕ್ಕದಲ್ಲಿ ಕೂತಳು. ಒಂದು ನಿಮಿಷ ಕೂತು ಎದ್ದರಾಯಿತು ಅಂತ.

"ಅವತ್ತು ಅವನ ಸರದಿ ಅಲ್ಲ ಕಣಕ್ಕ," ಅಂದಳು ರೀತಮ್ಮ. "ಬೆಳಿಗ್ಗೆ ಸೊಪ್ಪು ಕುಯ್ಯೋದು ನಂದು. ಸೊಂಟ ನೋವು ಅಂತ ಮಲಗಿದ್ದೆ. ಮಗಾ, ಇವತ್ತೊಂದಿನ ನೀನು ಹೋಗು ಅಂತ ನಾನೇ ಎಬ್ಬಿಸ್ದೆ. ಇನ್ನೊಂಚೂರು ಮಲಗ್ತೀನಿ ಕಣಮ್ಮ ಅಂದ. ಬೈದು ಎಬ್ಬಿಸ್ದೆ."

ಇದನ್ನು ಅವಳು ಗಂಡನಿಗೂ ಹೇಳಿರಲಿಲ್ಲ. ಫಾದರಿಗೂ ಹೇಳಿರಲಿಲ್ಲ.

ಅಷ್ಟು ಹೊತ್ತಿಗೆ ಚರ್ಚಿನ ಮೇಲಿನ ಸ್ಪೀಕರಿನಲ್ಲಿ ಪೂಜೆಯ ಮೊದಲ ಮಾತು ಕೇಳಿಸಿತು. ಮೂರು ಗಂಟೆ. ಸ್ಪೀಕರನ್ನು ಆ ಬೀದಿಯ ಕಡೆಗೇ ಮುಖ ಮಾಡಿ ಕಟ್ಟಿದವನು ನಾನೇ. ಒಂದೊಂದು ಅಕ್ಷರವೂ ಅಲ್ಲಿಗೆ ಸ್ಪಷ್ಟ. ಪಾಡುಗಳ ಕಥೆ ಶುರುವಾಯಿತು. ಅದು ಮುಗಿಯಲು ಅರ್ಧ ಗಂಟೆ ಅಂತ ಲೂರ್ದಮ್ಮನಿಗೆ ಗೊತ್ತು. ಅರ್ಧ ಗಂಟೆಯೊಳಗೆ ಅವಳು ಶಿಲುಬೆಯ ಕೆಳಗಿರಬೇಕು. ರೀತಮ್ಮ ಮಾತು ನಿಲ್ಲಿಸಲಿಲ್ಲ. ಮಗ ಹುಟ್ಟಿದ್ದು, ಮಗ ಓದಿದ್ದು, ಸ್ಕೂಟರಿಗೆ ಆಸೆ ಪಟ್ಟದ್ದು, ಆ ಬೆಳಿಗ್ಗೆ ಚಪ್ಪಲಿ ಹಾಕದೆ ಹೋದದ್ದು. ಎಂಟು ತಿಂಗಳಿನಿಂದ ಕಟ್ಟಿದ್ದು ಒಂದೇ ಸಲ ಒಡೆದು ಹರಿಯಿತು.

ಅತ್ತ ಚರ್ಚಿನಲ್ಲಿ ಫಾದರ್ ನನ್ನ ಕಡೆ ನೋಡಿದರು. ಲೂರ್ದಮ್ಮನ ಜಾಗ ಖಾಲಿ. ಹೋಗಿ ಕರೆದುಕೊಂಡು ಬಾ ಅಂತ ಕಣ್ಣಲ್ಲೇ ಹೇಳಿದರು. ನಾನು ವೈರಿಲ್ಲದ ಮೈಕನ್ನು ಜೇಬಿಗೆ ಹಾಕಿಕೊಂಡು ಓಡಿದೆ. ಮುಂದಿನದೆಲ್ಲ ನಾನೇ ನೋಡಿದ್ದು.

ಬೀದಿಯ ಕೊನೆಯಲ್ಲಿ ಇಬ್ಬರು ಹೆಂಗಸರು ಹೊಸ್ತಿಲ ಮೇಲೆ ಕೂತಿದ್ದರು. ನಾನು ದೂರದಿಂದಲೇ ಕೈ ಬೀಸಿದೆ, ಗಡಿಯಾರ ತೋರಿಸಿದೆ. ಲೂರ್ದಮ್ಮ ನನ್ನನ್ನು ನೋಡಿದಳು. ಅವಳ ಮುಖ ಹೇಗಿತ್ತು ಅಂತ ಹೇಳಲಿ? ಬಸ್ಸು ಹೊರಟಿದೆ, ಕಾಲು ಕೆಸರಲ್ಲಿ ಸಿಕ್ಕಿಕೊಂಡಿದೆ, ಹಾಗಿತ್ತು. ಎದ್ದಳು.

ಎದ್ದವಳಿಗೆ ಸೆರಗು ಬರಲಿಲ್ಲ. ಅದರ ತುದಿ ರೀತಮ್ಮನ ಮುಷ್ಟಿಯಲ್ಲಿತ್ತು.

"ಹೋಗಕ್ಕ," ಅಂದಳು ರೀತಮ್ಮ. "ನಿನ್ನ ಹಾಡಿನ ಹೊತ್ತಾಯ್ತು. ಊರೇ ಕಾಯ್ತಿದೆ. ಹೋಗು."

ಹೋಗು ಅಂದಳು, ಮುಷ್ಟಿ ಬಿಡಲಿಲ್ಲ. ತಾನು ಹಿಡಿದಿದ್ದೇನೆ ಅನ್ನುವುದೇ ಅವಳಿಗೆ ಗೊತ್ತಿರಲಿಲ್ಲ.

ಸ್ಪೀಕರಿನಲ್ಲಿ ಓದುವವರ ದನಿ ತಗ್ಗಿತು. "ತಲೆ ಬಾಗಿಸಿ ಪ್ರಾಣಬಿಟ್ಟರು." ಆಮೇಲೆ ಸದ್ದಿಲ್ಲ. ಐನೂರು ಜನ ಮೊಣಕಾಲೂರಿದ್ದಾರೆ. ಈಗ ಹಾಡು. ಓಡಿದರೆ ಇನ್ನೂ ಸಿಗುತ್ತದೆ, ನೂರು ಹೆಜ್ಜೆ. ಎರಡು ವರ್ಷ ಗೋಡೆಯ ಕಡೆ ತಿರುಗಿ ಬಾಯಿ ತೆರೆದವಳು. ಒಂದೇ ಒಂದು ಸಲ ಅಂತ ಕೇಳಿಕೊಂಡವಳು.

ಲೂರ್ದಮ್ಮ ಚರ್ಚಿನ ಕಡೆ ನೋಡಿದಳು. ಮುಷ್ಟಿಯ ಕಡೆ ನೋಡಿದಳು. ಕೂತಳು.

ಆ ಕೂರುವುದನ್ನು ನಾನು ಮರೆಯಲಾರೆ. ಹೊತ್ತ ಮೂಟೆ ಕೆಳಗಿಟ್ಟ ಹಾಗಲ್ಲ, ಮೂಟೆ ಸಮೇತ ಕೂತ ಹಾಗೆ.

ರೀತಮ್ಮ ಮೂಗು ಒರೆಸಿಕೊಂಡು ಕೇಳಿದಳು, "ಹೋಗಲ್ವಾ?"

ಲೂರ್ದಮ್ಮ ತಲೆ ಅಲ್ಲಾಡಿಸಿದಳು.

"ಹಂಗಿದ್ರೆ ನಂಗೇ ಹೇಳಕ್ಕ. ಬರೋ ಅಷ್ಟೇ ಹೇಳು."

ಲೂರ್ದಮ್ಮ ರೀತಮ್ಮನ ಕಿವಿಯ ಹತ್ತಿರ ಬಾಯಿ ತಂದು ಉಸುರಿದಳು. ತೊಟ್ಟಿಲಲಿ ಹಗುರಿದ್ದೆ, ತೊಡೆಮ್ಯಾಲೆ ಹಗುರಿದ್ದೆ. ಅಲ್ಲಿಗೇ ಉಸಿರು ಕಟ್ಟಿತು. ನಿಂತಳು. ಕಟ್ಟಿಗೆಯ ಭಾರ ನನಕಂದ. ಮತ್ತೆ ನಿಂತಳು. ಮೂವತ್ತು ವರ್ಷ ಆ ಹಾಡಿನಲ್ಲಿ ಅವಳು ಎಲ್ಲೂ ನಿಂತದ್ದಿಲ್ಲ. ಈಗ ನಿಂತಲ್ಲೆಲ್ಲ ರೀತಮ್ಮ ಅಳುತ್ತಿದ್ದಳು.

ನಾನು ಹತ್ತು ಹೆಜ್ಜೆ ದೂರದಲ್ಲಿ, ಲೈಟು ಕಂಬದ ಪಕ್ಕ. ಜೇಬಿನಲ್ಲಿ ಮೈಕು. ನನ್ನ ಬುದ್ಧಿ ನಿಮಗೆ ಗೊತ್ತಲ್ಲ. ಮೆಲ್ಲಗೆ ಹಿಂದಿನಿಂದ ಹೋಗಿ ಮೈಕು ಹಿಡಿದು ಸ್ವಿಚ್ಚು ಒತ್ತಿದರೆ ಸಾಕು, ಮೊಣಕಾಲೂರಿ ಕಾಯುತ್ತಿರುವ ಐನೂರು ಜನಕ್ಕೂ ಹಾಡು ಕೇಳಿಸಿಬಿಡುತ್ತದೆ. ಲೂರ್ದಮ್ಮನ ಆಸೆಯೂ ಈಡೇರುತ್ತದೆ, ರೀತಮ್ಮನ ಹತ್ತಿರವೂ ಕೂತ ಹಾಗಾಗುತ್ತದೆ. ನನ್ನ ಮೈಕಿಗೂ ಹೆಸರು ಬರುತ್ತದೆ! ಹೆಬ್ಬೆರಳು ಸ್ವಿಚ್ಚಿನ ಮೇಲೇ ಇತ್ತು.

ಒತ್ತಲಿಲ್ಲ. ಒತ್ತಿದೆ, ಊರೆಲ್ಲ ಗೊಳೋ ಅಂತ ಅತ್ತಿತು ಅಂತ ಹೇಳುವುದಕ್ಕೆ ನನಗೆ ಈಗಲೂ ಬಾಯಿ ತುರಿಸುತ್ತದೆ. ಕಥೆಯೂ ಜೋರಾಗಿರುತ್ತಿತ್ತು. ಆದರೆ ಮಗನನ್ನು ಕಳೆದುಕೊಂಡ ತಾಯಿಯೊಬ್ಬಳ ಅಳೂ ಆ ಹಾಡಿನ ಜೊತೆಗೇ ಊರಿಗೆಲ್ಲ ಕೇಳಿಸಿಬಿಡುತ್ತಿತ್ತು. ಮೈಕಿನ ಬ್ಯಾಟರಿಯನ್ನೇ ಬಿಚ್ಚಿ ಬೇರೆ ಜೇಬಿಗೆ ಹಾಕಿಕೊಂಡೆ. ನನ್ನ ಕೈಯನ್ನು ನಾನೇ ನಂಬುವುದಿಲ್ಲ.

ಹಾಡು ಮುಗಿದ ಮೇಲೆ ರೀತಮ್ಮ ಕೇಳಿದಳು, "ಅಕ್ಕ, ಇಷ್ಟು ವರ್ಷ ನೀನು ಹಾಡ್ತಿದ್ದದ್ದು ಇದೇನಾ?"

ಲೂರ್ದಮ್ಮ ಉಸುರಿದ್ದು ನನಗೂ ಕೇಳಿಸಿತು. "ನಂಗೂ ಇವತ್ತೇ ಗೊತ್ತಾಗಿದ್ದು."

ಚರ್ಚಿನಲ್ಲಿ ಆ ವರ್ಷ ಹಾಡಾಗಲಿಲ್ಲ. ಫಾದರ್ ಕಾದರು, ಕಾದರು, ಆಮೇಲೆ ತಾವೇ ಎದ್ದು ಶಿಲುಬೆಗೆ ಮುತ್ತಿಡಲು ಜನರನ್ನು ಕರೆದರು. ಟೆಂಪೋದಲ್ಲಿ ಬಂದವರು ಗೊಣಗಿಕೊಂಡು ಹೋದರು. "ಇಷ್ಟು ದೂರ ಬಂದದ್ದು ದಂಡ" ಅಂದವನೊಬ್ಬನ ಚಪ್ಪಲಿಯನ್ನು ಯಾರೋ ಚರ್ಚಿನ ಹಿಂದಿನ ಬೇಲಿಗೆ ಎಸೆದಿದ್ದರಂತೆ. ಯಾರು ಅಂತ ನನ್ನನ್ನು ಕೇಳಬೇಡಿ.

ರೀತಮ್ಮ ಅವತ್ತು ಚರ್ಚಿಗೆ ಬರಲಿಲ್ಲ. ಆದರೆ ಲೂರ್ದಮ್ಮ ಹೊರಟಾಗ ಅವಳ ಜೊತೆ ಬೀದಿಯ ಮೂಲೆಯವರೆಗೆ ನಡೆದು ಬಂದಳು. ಎಂಟು ತಿಂಗಳಲ್ಲಿ ಅಷ್ಟು ದೂರ ಬಂದದ್ದು ಅದೇ ಮೊದಲು. ಅಲ್ಲಿ ನಿಂತು, ಶಾಸ್ತ್ರ ಬಿಡಬಾರದು ಅನ್ನುವವಳ ಹಾಗೆ, "ಬರ್ತೀನಿ" ಅಂದಳು. "ಇವತ್ತಲ್ಲ. ಬರ್ತೀನಿ."

ನಾನೂ ಲೂರ್ದಮ್ಮನೂ ಚರ್ಚಿನ ಕಡೆ ನಡೆದೆವು. ಮರದ ಗಂಟೆ ನಾನು ಹೊತ್ತಿದ್ದೆ. ಕೇಳಬಾರದ್ದನ್ನೇ ಕೇಳಿದೆ.

"ಲೂರ್ದಕ್ಕ, ಹಾಡು ತಪ್ಪೋಯ್ತಲ್ಲ. ಹೊಟ್ಟೆ ಉರೀತಿಲ್ವಾ?"

"ಉರೀತದೆ ಕಣೋ," ಅಂದಳು. ನಾನು ಬಗ್ಗಿ ಕಿವಿ ಕೊಟ್ಟೆ. "ಆ ದನಿ ಬೇಕು ಅಂತ ಈಗ್ಲೂ ಜೀವ ಬಡ್ಕೋತದೆ. ಸಾಯೋವರೆಗೂ ಬಡ್ಕೋತದೆ." ಆಮೇಲೆ ನಿಂತು ಗಂಟಲ ಗಾಯದ ಮೇಲೆ ಕೈಯಿಟ್ಟಳು. "ಮಡ್ಡಿ ನಾನು. ಎರಡು ವರ್ಷ ಗಂಟಲು ಕೊಡು ಅಂತ ಸ್ವಾಮೀನ ಬೈದೆ. ಈ ದಿನ ಈ ಹೊತ್ತಲ್ಲಿ ಸ್ವಾಮಿ ಗಂಟಲೂ ಒಣಗಿತ್ತಲ್ಲೋ. ಶಿಲುಬೆ ಮೇಲೆ ದಾಹ ಅಂದ್ರಲ್ಲ. ನಾನು ಒಬ್ಳೇ ಇದ್ದೀನಿ ಅಂದ್ಕೊಂಡಿದ್ದೆ."

ಹಾಗೆ ಅಂದು ನಕ್ಕಳು. ಸದ್ದಿಲ್ಲದ ನಗು. ಭುಜ ಮಾತ್ರ ಕುಣಿಯುತ್ತಿತ್ತು. ಕಣ್ಣಲ್ಲಿ ನೀರು, ಮುಖದಲ್ಲಿ ಹಬ್ಬ. ಮೂವತ್ತು ವರ್ಷ ಹೊಗಳಿಕೆ ಕೇಳುತ್ತಾ ಬಾಗಿಲಲ್ಲಿ ನಿಂತಾಗ ಆ ಮುಖವನ್ನು ನಾನು ನೋಡಿದವನು. ಇಂಥ ಬೆಳಕು ಅದರಲ್ಲಿ ಕಂಡಿರಲಿಲ್ಲ. ಇದು ಸುಳ್ಳಲ್ಲ.

ನೀತಿ: ದೇವರು ಕಿತ್ತುಕೊಂಡದ್ದನ್ನು ತಿರುಗಿ ಕೊಟ್ಟೇ ಕೊಡುತ್ತಾನೆ ಅಂತ ನಾನು ಹೇಳುವುದಿಲ್ಲ. ಲೂರ್ದಮ್ಮನಿಗೆ ದನಿ ಬರಲಿಲ್ಲ, ಅದರ ಹಂಬಲವೂ ಹೋಗಲಿಲ್ಲ. ಆದರೆ ನಮ್ಮ ನೋವನ್ನು ಒಬ್ಬರೇ ಅಪ್ಪಿಕೊಂಡು ಕೂತರೆ ಅದು ಬರೀ ನೋವು. ಅದನ್ನು ಹೊತ್ತುಕೊಂಡೇ ಇನ್ನೊಬ್ಬರ ಹೊಸ್ತಿಲಲ್ಲಿ ಕೂತರೆ, ನಮಗಿಂತ ಮೊದಲೇ ಶಿಲುಬೆ ಹೊತ್ತವನು ಅಲ್ಲಿ ಪಕ್ಕದಲ್ಲೇ ಕೂತಿರುತ್ತಾನೆ. ಕಷ್ಟಕ್ಕೆ ಅರ್ಥ ಸಿಗುವುದು ಅಲ್ಲಿ, ಸಂತೋಷ ಸಿಗುವುದೂ ಅಲ್ಲೇ.

ನೀತಿ ಹೇಳಿ ನನಗೆ ಅಭ್ಯಾಸವಿಲ್ಲ, ಬಾಯಿ ಒಣಗಿಹೋಯಿತು. ಎರಡು ಲೋಟ ಕುಡಿದಿದ್ದೇನೆ, ನೀವು ಕಥೆಯಲ್ಲಿ ಮುಳುಗಿದ್ದಿರಿ, ಗಮನಿಸಲಿಲ್ಲ. ಪರ್ಸು ಮನೆಯಲ್ಲೇ ಇದೆ. ಆ ಟೀ ದುಡ್ಡು ಸ್ವಲ್ಪ ನೀವೇ ಕೊಟ್ಟುಬಿಡಿ ಸ್ವಾಮಿ.